ಹಳೆಯ ಹೈಬ್ರಿಡ್ ಕಾರಿನ ಬಿಡಿಭಾಗ ಮಾರುವ ಬಗೆ: ಮೊದಲ ಹೊಂಡಾ ಇನ್‌ಸೈಟ್

ತಯಾರಿಕೆ ನಿಂತುಹೋದ ಕಾರನ್ನು ಬಿಡದೆ ಓಡಿಸುವವರು ಕ್ರಮೇಣ ಬಿಡಿಭಾಗಗಳನ್ನೂ ಕೂಡಿಹಾಕತೊಡಗುತ್ತಾರೆ. ಅಪಘಾತವಾದ ಇನ್ನೊಂದು ಕಾರನ್ನು ಕೊಂಡು ಬಿಚ್ಚಿಡುವುದು ಸಾಮಾನ್ಯ. ಮುಂದೆ ಕಾರು ಮಾರಿದಾಗಲೋ ಮನೆ ಬದಲಿಸಿದಾಗಲೋ ಆ ರಾಶಿಗೆ ಗಿರಾಕಿ ಹುಡುಕಬೇಕು. ಯಾವ ಭಾಗ ಯಾವ ವರ್ಷದ, ಯಾವ ಮಾದರಿಯದು ಎಂದು ಹೇಳಬಲ್ಲವನಿಗೆ ಬೆಲೆ ಸಿಗುತ್ತದೆ; ಹೇಳಲಾಗದವನ ಸರಕಿಗೆ ಗುಜರಿಯ ತೂಕದ ಲೆಕ್ಕವೇ ಗತಿ.

ಕಾರಿನ ಹಿನ್ನೆಲೆ

1999ರ ಕೊನೆಯಲ್ಲಿ ಬಂದ ಇನ್‌ಸೈಟ್, ಅಮೆರಿಕದಲ್ಲಿ ಮಾರಾಟಕ್ಕಿಳಿದ ಮೊದಲ ಆಧುನಿಕ ಹೈಬ್ರಿಡ್ ಕಾರು. ಜಪಾನಿನಲ್ಲಿ 1997ರಲ್ಲೇ ಬಂದಿದ್ದ ಟೊಯೊಟಾ ಪ್ರಿಯಸ್ ಅಮೆರಿಕ ತಲುಪಿದ್ದು 2000ದಲ್ಲಿ. ಇನ್‌ಸೈಟ್‌ಗೆ ಎರಡೇ ಸೀಟು, ಅಲ್ಯೂಮಿನಿಯಂ ಮೈ, ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್. ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ 10 ಕಿಲೋವ್ಯಾಟಿನ ತೆಳ್ಳನೆಯ ಮೋಟರು. 2006ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಹೊರಬಂದಿದ್ದು ಸುಮಾರು 17,000 ಕಾರುಗಳಷ್ಟೇ. 2009ರಲ್ಲಿ ಇದೇ ಹೆಸರಿನಲ್ಲಿ ಬಂದದ್ದು ಐದು ಜನ ಕೂರುವ ಬೇರೆಯೇ ಕಾರು. ಹಾಗಾಗಿ ಬರೀ ‘ಇನ್‌ಸೈಟ್ ಬಿಡಿಭಾಗ’ ಎಂದು ಜಾಹೀರಾತು ಕೊಟ್ಟರೆ ಅರ್ಧದಷ್ಟು ವಿಚಾರಣೆ ತಪ್ಪು ಕಾರಿನವರಿಂದ ಬಂದೀತು.

ಬೆಲೆ ಬಾಳುವ ಭಾಗಗಳು

ಹೈಬ್ರಿಡ್ ಎಂದೊಡನೆ ಎಲ್ಲರ ಕಣ್ಣು ಬ್ಯಾಟರಿಯ ಮೇಲೆ. ಆದರೆ ಬ್ಯಾಟರಿಯನ್ನು ಹೊಸ ಸೆಲ್ ಹಾಕಿ ಕಟ್ಟಿಕೊಡುವವರಿದ್ದಾರೆ. ಬಾಗಿಲು, ಹಿಂಬದಿಯ ಗಾಜು, ಮುಂದಿನ ಫೆಂಡರ್‌ಗಳನ್ನು ಹಾಗೆ ಮಾಡಿಕೊಡುವವರಿಲ್ಲ. ನುಗ್ಗಾದ ಅಲ್ಯೂಮಿನಿಯಂ ತಗಡನ್ನು ಸರಿಪಡಿಸುವುದು ಎಲ್ಲ ಡೆಂಟಿಂಗ್ ಕೆಲಸಗಾರರಿಗೂ ಒಗ್ಗಿದ ಕೆಲಸವಲ್ಲ. ಹಿಂದಿನ ಚಕ್ರದ ಮೇಲ್ಭಾಗ ಮುಚ್ಚುವ ಕವಚವನ್ನೇ ನೋಡಿ. ಗಾಳಿಯ ತಡೆ ತಗ್ಗಿಸಲೆಂದು ಇಟ್ಟದ್ದು, ಟೈರ್ ಬಿಚ್ಚುವಾಗಲೆಲ್ಲ ತೆಗೆಯಬೇಕಾದದ್ದು. ಎಡ, ಬಲ ಎರಡೂ ಕ್ಲಿಪ್ ಸಮೇತ ನೆಟ್ಟಗಿದ್ದರೆ ಮೂಲೆಗೆ ಎಸೆಯಬೇಡಿ.

ಗೊಂದಲ ಹೆಚ್ಚಿರುವುದು ಕಂಪ್ಯೂಟರ್‌ಗಳಲ್ಲಿ. ಕೈಗೇರಿನ ಇನ್‌ಸೈಟ್ ಹೆಚ್ಚು ಗಾಳಿಗೆ ಕಡಿಮೆ ಪೆಟ್ರೋಲ್ ಬೆರೆಸಿ ಉರಿಸುವ ‘ಲೀನ್ ಬರ್ನ್’ ವಿಧಾನದಲ್ಲಿ ಓಡಬಲ್ಲದು. ನಂತರ ಬಂದ ಸಿವಿಟಿ (ಸ್ವಯಂಚಾಲಿತ ಗೇರಿನ) ಕಾರಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಎಂಜಿನ್ ಕಂಪ್ಯೂಟರನ್ನು ಇದರಿಂದ ಅದಕ್ಕೆ ಸುಮ್ಮನೆ ಬದಲಾಯಿಸಲಾಗದು. ಭಾಗದ ಮೇಲಿನ ನಂಬರ್ ಚೀಟಿಯ ಫೋಟೋ ಇಲ್ಲದೆ ಇಂಥ ಡಬ್ಬಿಗಳನ್ನು ಮಾರಲು ಹೋಗಬಾರದು, ಕೊಳ್ಳಲೂಬಾರದು.

ಬ್ಯಾಟರಿ

ಇದರಲ್ಲಿರುವುದು ದೊಡ್ಡ ಟಾರ್ಚ್ ಸೆಲ್ ಗಾತ್ರದ 120 ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳು. ಆರು ಸೆಲ್ ಸೇರಿ ಒಂದು ಕಡ್ಡಿ. ಅಂಥ 20 ಕಡ್ಡಿಗಳು ಸಾಲಾಗಿ ಸೇರಿ 144 ವೋಲ್ಟ್. ಹೊಸದಿದ್ದಾಗ ಸಾಮರ್ಥ್ಯ 6.5 ಆಂಪಿಯರ್-ಗಂಟೆ.

ಶೆಲ್ಫಿನಲ್ಲಿ ಸುಮ್ಮನಿದ್ದರೂ ಈ ಸೆಲ್‌ಗಳ ಚಾರ್ಜ್ ಸೋರುತ್ತದೆ, ಅದೂ ಒಂದೊಂದರದು ಒಂದೊಂದು ವೇಗದಲ್ಲಿ. ಕೆಲವು ತಿಂಗಳಲ್ಲಿ ಕಡ್ಡಿ ಕಡ್ಡಿಗೂ ಹೊಂದಾಣಿಕೆ ತಪ್ಪುತ್ತದೆ. ಕಾರು ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಅಳೆಯುವುದರಿಂದ, ಒಂದೇ ಒಂದು ಸೊರಗಿದ್ದರೂ ಇಡೀ ಬ್ಯಾಟರಿ ಕೆಟ್ಟಿದೆಯೆಂದು ಎಚ್ಚರಿಕೆ ದೀಪ ಹೊತ್ತೀತು. ‘ತೆಗೆದಿಡುವಾಗ ಚೆನ್ನಾಗಿತ್ತು’ ಎಂಬ ಮಾತಿಗೆ ಅದಕ್ಕೇ ಅಷ್ಟು ಬೆಲೆಯಿಲ್ಲ. ಬರೀ ವೋಲ್ಟ್ ಅಳೆದು ತೋರಿಸಿದರೂ ಸಾಲದು: ಬಳಲಿದ ಸೆಲ್ ಕೂಡ ಹೊರೆ ಇಲ್ಲದಾಗ ಗಟ್ಟಿಯಾಗಿಯೇ ಕಾಣುತ್ತದೆ. ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿ, ಮತ್ತೆ ಖಾಲಿ ಮಾಡಿ, ಪ್ರತಿ ಕಡ್ಡಿ ಎಷ್ಟು ಕೊಟ್ಟಿತೆಂದು ಅದರ ಮೇಲೆಯೇ ತಾರೀಖಿನೊಂದಿಗೆ ಬರೆದಿಟ್ಟ ಮಾರಾಟಗಾರ ಕೇಳಿದ ಬೆಲೆಯನ್ನು ನಾನಾದರೆ ಹೆಚ್ಚು ಚೌಕಾಸಿ ಮಾಡದೆ ಕೊಡುತ್ತೇನೆ.

144 ವೋಲ್ಟಿನ ಡಿಸಿ ವಿದ್ಯುತ್ ಜೀವ ತೆಗೆಯಬಲ್ಲದು. ಸ್ವಿಚ್ ಆಫ್ ಮಾಡಿದರೂ ಪಕ್ಕದ ವಿದ್ಯುನ್ಮಾನ ಭಾಗಗಳ ಕೆಪಾಸಿಟರ್‌ಗಳಲ್ಲಿ ಕೆಲ ಹೊತ್ತು ಚಾರ್ಜ್ ಉಳಿದಿರುತ್ತದೆ. ಈ ಕೆಲಸ ತಿಳಿದವರೇ, ವಿದ್ಯುತ್ ನಿರೋಧಕ ಕೈಗವಸು ತೊಟ್ಟು ಬಿಚ್ಚಬೇಕು. ಕಡ್ಡಿಗಳ ನಡುವಿನ ಲೋಹದ ಪಟ್ಟಿಗಳನ್ನು ತೆಗೆದರೆ ಪ್ರತಿಯೊಂದರಲ್ಲೂ 7.2 ವೋಲ್ಟ್ ಮಾತ್ರ ಉಳಿಯುತ್ತದೆ. ಆಮೇಲೂ ತುದಿಗಳನ್ನು ಮುಚ್ಚದೆ ಪಾರ್ಸೆಲ್ ಕಟ್ಟುವಂತಿಲ್ಲ; ಒಂದಕ್ಕೊಂದು ತಾಗಿದರೆ ಬೆಂಕಿಯ ಅಪಾಯ.

ಇಡಿಯಾಗಿಯೋ, ಬಿಡಿಯಾಗಿಯೋ?

ಬಿಡಿಯಾಗಿ ಮಾರಿದರೆ ಒಟ್ಟು ಹಣ ಹೆಚ್ಚು, ನಿಜ. ಆದರೆ ಮೊದಲ ವಾರದಲ್ಲೇ ಒಳ್ಳೆಯ ಭಾಗಗಳು ಹೋಗಿ, ಸ್ಟೀರಿಂಗ್ ಕಾಲಮ್ಮು, ಸೀಟು, ವೈರಿಂಗಿನ ಗಂಟು ಮಾತ್ರ ಉಳಿಯುತ್ತವೆ. ಫೆಂಡರ್‌ನಂಥ ದೊಡ್ಡ ಭಾಗಕ್ಕೆ ಸಾಗಣೆಯ ಖರ್ಚೇ ಬೆಲೆಯನ್ನು ಮೀರಬಹುದು. ಈ ಕಾರನ್ನು ಓಡಿಸುತ್ತಿರುವ ಒಬ್ಬನೇ ಗಿರಾಕಿ ಲಾರಿ ತಂದು ಎಲ್ಲವನ್ನೂ ಒಯ್ಯುತ್ತೇನೆಂದರೆ ಸ್ವಲ್ಪ ಕಡಿಮೆಗೇ ಕೊಟ್ಟುಬಿಡುವುದು ಜಾಣತನ.

ಕ್ಯಾಟಲಿಟಿಕ್ ಕನ್ವರ್ಟರ್

ಹೊಗೆ ಶುದ್ಧ ಮಾಡುವ ಈ ಭಾಗದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುವುದರಿಂದ ಕಳ್ಳರಿಗೂ ಪ್ರೀತಿ. ಹೈಬ್ರಿಡ್ ಕಾರುಗಳು, ಅದರಲ್ಲೂ ಪ್ರಿಯಸ್, ಅವರ ಕಣ್ಣಿಗೆ ಹೆಚ್ಚಾಗಿ ಬಿದ್ದಿವೆ. ಕ್ಯಾಲಿಫೋರ್ನಿಯಾ 2022ರಲ್ಲಿ ಕಾನೂನು ಬಿಗಿಗೊಳಿಸಿ, ಗುಜರಿಯವರು ಇದನ್ನು ಯಾರಿಂದ ಕೊಳ್ಳಬಹುದು, ಯಾವ ದಾಖಲೆ ಇಡಬೇಕು ಎಂದು ವಿಧಿಸಿತು. ಬಳಸಿದ ಕನ್ವರ್ಟರನ್ನು ಮತ್ತೊಂದು ಕಾರಿಗೆ ಕೂರಿಸಲೆಂದು ಮಾರುವುದಕ್ಕೂ ಅಮೆರಿಕದಲ್ಲಿ ಮಾಲಿನ್ಯ ನಿಯಮಗಳ ಅಡ್ಡಿಯಿದೆ. ಬಿಚ್ಚಿಟ್ಟ ಕಾರಿನ ಮಾಲೀಕತ್ವದ ಕಾಗದ ಕೈಯಲ್ಲಿಲ್ಲದಿದ್ದರೆ, ರಾಶಿಯ ಉಳಿದೆಲ್ಲವನ್ನೂ ಮಾರಿ ಇದೊಂದನ್ನು ಪಟ್ಟಿಯಿಂದ ಹೊರಗಿಡುವುದು ಒಳ್ಳೆಯದು.