ಸೆರೆಸಿಕ್ಕ ವೈಮಾನಿಕ

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತುಮುತ್ತಲಿನ ಅನೇಕ ಊರುಗಳಲ್ಲಿ ಅಗಸೆಯ ಬಳಿಯಲ್ಲೋ ಹಳೆಯ ಗುಡಿಯ ಮಗ್ಗುಲಲ್ಲೋ ವೀರಗಲ್ಲುಗಳು ನಿಂತಿರುವುದನ್ನು ವಾಚಕರು ನೋಡಿಯೇ ಇರುತ್ತಾರೆ. ಅವುಗಳ ರಚನೆ ಸಾಮಾನ್ಯವಾಗಿ ಒಂದೇ ಬಗೆಯದು. ಕೆಳಗಿನ ಪಟ್ಟಿಕೆಯಲ್ಲಿ ವೀರನು ಕಾದುತ್ತಿರುತ್ತಾನೆ. ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿರುತ್ತಾನೆ. ಗೆದ್ದವನಿಗೆ ಸಿರಿ, ಮಡಿದವನಿಗೆ ಸುರಲೋಕ ಎಂಬುದು ನಮ್ಮ ಹಿರಿಯರ ವೀರಧರ್ಮದ ಲೆಕ್ಕ.

ಈ ಲೆಕ್ಕದಲ್ಲಿ ಸೇರದ ಯೋಧನೊಬ್ಬನಿದ್ದಾನೆ. ಅವನು ಗೆಲ್ಲಲಿಲ್ಲ, ಮಡಿಯಲೂ ಇಲ್ಲ. ಜೀವಸಹಿತ ವೈರಿಯ ಕೈಗೆ ಸಿಕ್ಕಿದನು. ಅಂಥವನ ಹೆಸರಿನಲ್ಲಿ ಕಲ್ಲು ನಿಲ್ಲಿಸುವ ವಾಡಿಕೆ ನಮ್ಮಲ್ಲಿರಲಿಲ್ಲ. ಸೆರೆ ಸಿಕ್ಕುವುದೆಂದರೆ ಮಾನಹೋದಂತೆ ಎಂಬ ಭಾವನೆಯೇ ಬಹುಕಾಲ ನಡೆದುಬಂದಿತು. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂದು ವಿಚಾರಿಸುವುದಕ್ಕೆ ಕನ್ನಡನಾಡಿನವರೇ ಆದ ಒಬ್ಬ ವೈಮಾನಿಕರ ಜೀವನವೃತ್ತಾಂತವು ಒಳ್ಳೆಯ ಆಧಾರವಾಗಿದೆ. ಅವರೇ ಕೊಡಗಿನ ಕೊಡಂದೇರ ಮನೆತನದ ನಂದಾ ಕಾರ್ಯಪ್ಪನವರು.

ನಂದಾ ಅವರು ಜನರಲ್ ಕೆ. ಎಂ. ಕಾರ್ಯಪ್ಪನವರ ಏಕಮಾತ್ರ ಪುತ್ರರು. ೧೯೪೯ರ ಜನೇವರಿ ೧೫ರಂದು ಭಾರತೀಯ ಸೈನ್ಯದ ಮಹಾದಂಡನಾಯಕತ್ವವನ್ನು ಆಂಗ್ಲರ ಕೈಯಿಂದ ವಹಿಸಿಕೊಂಡ ಮೊದಲನೆಯ ಭಾರತೀಯನೆಂಬ ಕೀರ್ತಿ ತಂದೆಯವರದು. ಆ ದಿನವನ್ನು ಇಂದಿಗೂ ಸೈನ್ಯದಿನವೆಂದು ದೇಶವೆಲ್ಲ ಆಚರಿಸುತ್ತದೆ. ೧೯೫೩ರಲ್ಲಿ ಅವರು ಸೈನ್ಯದಿಂದ ನಿವೃತ್ತರಾದರು. ಕೆಲವು ವರ್ಷ ಆಸ್ಟ್ರೇಲಿಯದಲ್ಲಿ ಭಾರತದ ರಾಯಭಾರಿಯಾಗಿದ್ದು ಬಳಿಕ ಮಡಿಕೇರಿಯಲ್ಲಿ ನೆಲೆಸಿದರು. ತಂದೆ ನೆಲದ ಮೇಲೆ ಕಾದುವ ಪಡೆಯನ್ನು ನಡೆಯಿಸಿದರೆ ಮಗನು ಬಾನಿನಲ್ಲಿ ಕಾದುವ ಪಡೆಯನ್ನು ಸೇರಿದನು. ೧೯೬೫ರ ಹೊತ್ತಿಗೆ ನಂದಾ ಅವರು ವಿಮಾನದಳದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಪದವಿಯಲ್ಲಿದ್ದು, ೨೦ನೆಯ ಸ್ಕ್ವಾಡ್ರನ್ನಿನಲ್ಲಿ ಹಂಟರ್ ಎಂಬ ಜೆಟ್ ವಿಮಾನವನ್ನು ಹಾರಿಸುತ್ತಿದ್ದರು. ಇಂಗ್ಲಂಡಿನಲ್ಲಿ ನಿರ್ಮಾಣವಾದ ಈ ವಿಮಾನದಲ್ಲಿ ಒಬ್ಬನಿಗೆ ಮಾತ್ರ ಸ್ಥಳ. ಹಾರಿಸುವವನೂ ಅವನೇ, ಗುರಿಯಿಡುವವನೂ ಅವನೇ, ದಾರಿ ನೋಡಿಕೊಳ್ಳುವವನೂ ಅವನೇ.

೧೯೬೫ರ ಭಾರತ-ಪಾಕಿಸ್ತಾನ ಯುದ್ಧವು ಸಪ್ಟೆಂಬರ ತಿಂಗಳಿನಲ್ಲಿ ಪಂಜಾಬದ ಬಯಲಿಗೆ ಹಬ್ಬಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ವಿಶ್ವಸಂಸ್ಥೆಯ ಒತ್ತಾಯದಿಂದ ಉಭಯಪಕ್ಷಗಳೂ ಯುದ್ಧವಿರಾಮಕ್ಕೆ ಒಪ್ಪಿದವು. ಸಪ್ಟೆಂಬರ ೨೩ರ ನಸುಕಿನ ಮೂರೂವರೆ ಗಂಟೆಗೆ ಗುಂಡಿನ ಸದ್ದು ನಿಲ್ಲಬೇಕೆಂದು ಗೊತ್ತಾಯಿತು. ಅದರ ಹಿಂದಿನ ದಿನ, ಎಂದರೆ ೨೨ರಂದು, ನಂದಾ ಅವರು ವೈರಿಯ ನೆಲೆಗಳ ಮೇಲೆ ದಾಳಿಗೆ ಹೊರಟರು. ನೆಲದಿಂದ ಹಾರಿಬಂದ ವಿಮಾನನಾಶಕ ಗುಂಡುಗಳು ಅವರ ಹಂಟರಿಗೆ ತಗುಲಿದವು. ವಿಮಾನಕ್ಕೆ ಬೆಂಕಿ ಹತ್ತಿತು. ಇಂಥ ಸಮಯಕ್ಕೆಂದೇ ಜೆಟ್ ವಿಮಾನಗಳಲ್ಲಿ ಸಿಡಿಯುವ ಆಸನವಿರುತ್ತದೆ. ಹಿಡಿಯನ್ನು ಎಳೆದೊಡನೆ ಮದ್ದಿನ ಬಲದಿಂದ ಆಸನವು ವೈಮಾನಿಕನ ಸಮೇತ ಮೇಲಕ್ಕೆ ಚಿಮ್ಮುತ್ತದೆ. ಬಳಿಕ ಪ್ಯಾರಾಶೂಟು ಬಿಚ್ಚಿಕೊಳ್ಳುತ್ತದೆ. ಪ್ರಾಣವನ್ನುಳಿಸುವ ಈ ಯಂತ್ರವು ಬೆನ್ನುಮೂಳೆಯ ಮೇಲೆ ಹಾಕುವ ಭಾರವೂ ಅಷ್ಟೇ ಭಯಂಕರವಾದದ್ದು. ನಂದಾ ಅವರು ನೆಲಕ್ಕೆ ಬಿದ್ದಾಗ ಬೆನ್ನಿಗೆ ಬಲವಾದ ಪೆಟ್ಟಾಗಿತ್ತು. ಎದ್ದು ಓಡುವ ಮಾತು ದೂರವೇ ಉಳಿಯಿತು. ಯುದ್ಧ ಮುಗಿಯಲು ಇನ್ನು ಕೆಲವೇ ತಾಸುಗಳಿದ್ದಾಗ ಅವರು ಪಾಕಿಸ್ತಾನದ ಸೈನಿಕರ ಸೆರೆಯಾಳಾದರು.

ಸೆರೆಯಾಳು ಯಾರೆಂಬುದು ವೈರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಸರಿನಲ್ಲಿಯೇ ಗುಟ್ಟು ರಟ್ಟಾಗಿತ್ತು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಫೀಲ್ಡ್ ಮಾರ್ಷಲ್ ಅಯೂಬಖಾನರು ದೇಶವಿಭಜನೆಗೆ ಮೊದಲು ಇದೇ ಜನರಲ್ ಕಾರ್ಯಪ್ಪನವರ ಕೈಕೆಳಗೆ ಸೇವೆ ಸಲ್ಲಿಸಿದವರು. ಒಂದೇ ಸೈನ್ಯದ ಉಪ್ಪುಂಡವರು ೧೯೪೭ರ ತರುವಾಯ ಎರಡು ಸೈನ್ಯಗಳಾಗಿ ಒಬ್ಬರನ್ನೊಬ್ಬರು ಎದುರಿಸಬೇಕಾಗಿ ಬಂದದ್ದು ನಮ್ಮ ಕಾಲದ ಒಂದು ದುರ್ದೈವ. ಪಾಕಿಸ್ತಾನದ ರೇಡಿಯೋ ಕೇಂದ್ರವು ಈ ಸೆರೆಯ ವಾರ್ತೆಯನ್ನು ಬಿತ್ತರಿಸಿತು. ಮಗನು ಹಿಂದಿರುಗಲಿಲ್ಲವೆಂದು ಕೇಳುವುದೇ ತಂದೆಯಾದವನಿಗೆ ಕಠಿಣ. ಅದನ್ನು ವೈರಿಯ ಬಾನುಲಿಯ ಬಾಯಿಂದ ಜಗತ್ತೆಲ್ಲ ಕೇಳುವಂತಾಗುವುದು ಇನ್ನೂ ಕಠಿಣ.

ಅಯೂಬಖಾನರು ಹಳೆಯ ಸಂಬಂಧವನ್ನು ಮರೆಯಲಿಲ್ಲ. ಮಗನು ಸುರಕ್ಷಿತನಾಗಿದ್ದಾನೆ, ಬಯಸಿದರೆ ಅವನನ್ನು ಬಿಟ್ಟುಕಳಿಸುವೆವು ಎಂಬ ಅಭಿಪ್ರಾಯದ ಸಂದೇಶವು ಕಾರ್ಯಪ್ಪನವರಿಗೆ ತಲುಪಿತು. ಅವರು ಕೊಟ್ಟ ಉತ್ತರವು ಪ್ರಸಿದ್ಧವಾಗಿದೆ. ಅದರ ಸಾರಾಂಶ ಇಷ್ಟು: ಸೆರೆಯಲ್ಲಿರುವ ಭಾರತದ ಯೋಧರೆಲ್ಲರೂ ನನಗೆ ಮಕ್ಕಳೇ, ಅವರೆಲ್ಲರಿಗೂ ದೊರೆಯದ ಯಾವ ಸೌಲಭ್ಯವನ್ನೂ ನನ್ನೊಬ್ಬನ ಮಗನಿಗಾಗಿ ನಾನು ಕೇಳಲಾರೆ. ಉಪಕಾರ ಮಾಡಬಂದವರಿಗೆ ಕೃತಜ್ಞತೆಯನ್ನು ಸಲ್ಲಿಸಿ, ಉಪಕಾರವನ್ನು ಮಾತ್ರ ಅವರು ತೆಗೆದುಕೊಳ್ಳಲಿಲ್ಲ. ಆಗ ಅವರಿಗೆ ೬೬ ವರ್ಷ. ಮಗನ ಬೆನ್ನಿಗೆ ಪೆಟ್ಟಾಗಿತ್ತು. ಬೇಡವೆಂದು ಹೇಳುವುದು ಸುಲಭದ ಮಾತಾಗಿರಲಿಲ್ಲವೆಂದು ಹೆತ್ತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ನಿರಾಕರಣೆಯಿಂದ ಮಗನಿಗೆ ಆದದ್ದೇನು? ನಿಷ್ಠುರತೆಯೇ, ರಕ್ಷಣೆಯೇ? ಇಲ್ಲಿ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ಭಾರತದ ಘೋಷಯಾತ್ರೆಯ ಪ್ರಸಂಗವು ನೆನಪಿಗೆ ಬರುತ್ತದೆ. ವನವಾಸದಲ್ಲಿದ್ದ ಪಾಂಡವರ ಮುಂದೆ ತನ್ನ ವೈಭವವನ್ನು ಮೆರೆಯಿಸಲು ಹೋದ ದುರ್ಯೋಧನನು ಗಂಧರ್ವನಾದ ಚಿತ್ರಸೇನನ ಕೈಯಲ್ಲಿ ಸೆರೆಸಿಕ್ಕುತ್ತಾನೆ. ಗಂಧರ್ವರು ಗಗನಚಾರಿಗಳು, ಸೆರೆಯಾಳನ್ನು ಅವರು ಒಯ್ಯುವುದೂ ಬಾನದಾರಿಯಲ್ಲಿಯೇ. ಧರ್ಮರಾಯನು ಪರರು ಮೇಲೇರಿ ಬಂದಾಗ ಕೌರವರೂ ತಾವೂ ಒಂದೇ ಎಂದು ತಮ್ಮಂದಿರನ್ನು ಕಳಿಸುತ್ತಾನೆ. ಅರ್ಜುನನ ಪರಾಕ್ರಮದಿಂದ ದುರ್ಯೋಧನನಿಗೆ ಬಿಡುಗಡೆಯಾಗುತ್ತದೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಿಡುಗಡೆ ಹೊಂದಿದ ದುರ್ಯೋಧನನು ಊರಿಗೆ ಮರಳಲೊಲ್ಲದೆ ದರ್ಭೆಯ ಮೇಲೆ ಕುಳಿತು ಪ್ರಾಯೋಪವೇಶಕ್ಕೆ ಸಿದ್ಧನಾಗುತ್ತಾನೆ. ಸೆರೆಯಲ್ಲಿದ್ದಾಗ ಸಾಯಬೇಕೆನ್ನಿಸದವನಿಗೆ ಬಿಡುಗಡೆಯಾದ ಮೇಲೆ ಸಾಯಬೇಕೆನ್ನಿಸಿತು. ತನ್ನ ಹಗೆಗಳ ದಯೆಯಿಂದ ದೊರೆತ ಪ್ರಾಣವು ಅವನಿಗೆ ಹೊರಲಾರದ ಹೊರೆಯಾಯಿತು.

ಮಾನಭಂಗವು ಇರುವುದು ಎಲ್ಲಿ ಎಂಬುದನ್ನು ಕವಿಯ ಕಥೆ ತೋರಿಸಿಕೊಡುತ್ತದೆ. ಹಗ್ಗದಲ್ಲಿ ಕಟ್ಟಿಸಿಕೊಂಡದ್ದಕ್ಕಿಂತ ಅನುಗ್ರಹದಿಂದ ಬಿಚ್ಚಿಸಿಕೊಂಡದ್ದೇ ಹೆಚ್ಚು ನೋಯಿಸುತ್ತದೆ. ನಂದಾ ಕಾರ್ಯಪ್ಪನವರು ತಂದೆಯ ಹೆಸರಿನ ಬಲದಿಂದ ಒಬ್ಬಂಟಿಗರಾಗಿ ಗಡಿ ದಾಟಿ ಬಂದಿದ್ದರೆ, ಹಿಂದುಳಿದ ಸಂಗಾತಿಗಳ ಮುಖವನ್ನು ಮುಂದೆ ಹೇಗೆ ನೋಡಬೇಕಾಗಿತ್ತು! ದಯೆಯ ಬಿಡುಗಡೆಯನ್ನು ತಪ್ಪಿಸಿ, ಎಲ್ಲರೊಡನೆ ಹಕ್ಕಿನಿಂದ ಬರುವ ಬಿಡುಗಡೆಯನ್ನು ಮಗನಿಗಾಗಿ ತಂದೆ ಕಾಯ್ದಿರಿಸಿದರು.

ಹಕ್ಕು ಎಂಬ ಮಾತನ್ನು ಸುಮ್ಮನೆ ಬಳಸಿದ್ದಲ್ಲ. ಸೆರೆಯಾಳಿಗೂ ಹಕ್ಕುಂಟೆಂಬುದು ಮನುಷ್ಯಕುಲವು ಬಹಳ ತಡವಾಗಿ ಕಲಿತ ಪಾಠ. ಅದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕ್ಷಿ. ೧೮೫೮ರಲ್ಲಿ ಮುಂಡರಗಿಯ ಭೀಮರಾಯರು ಆಂಗ್ಲರ ಮೇಲೆ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದರು. ಅದೇ ಹೊತ್ತಿಗೆ ಎದ್ದ ನರಗುಂದದ ಬಾಬಾಸಾಹೇಬರು ಜೀವಸಹಿತ ಸೆರೆಸಿಕ್ಕರು. ಜೂನ್ ೧೨ರಂದು ಬೆಳಗಾವಿಯಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಹಿಡಿದವನ ಇಚ್ಛೆಯೇ ಅಂದಿನ ಕಾನೂನು. ಅದಾದ ಆರು ವರ್ಷಕ್ಕೆ, ೧೮೬೪ರಲ್ಲಿ, ಯುರೋಪಿನ ಜಿನೀವಾ ನಗರದಲ್ಲಿ ಮೊದಲನೆಯ ಒಪ್ಪಂದವಾಯಿತು. ಅದು ಗಾಯಗೊಂಡ ಸೈನಿಕರಿಗೆ ಸಂಬಂಧಿಸಿದ್ದು. ಎರಡು ಮಹಾಯುದ್ಧಗಳು ಮುಗಿದ ಮೇಲೆ ೧೯೪೯ರಲ್ಲಿ ಯುದ್ಧಕೈದಿಗಳನ್ನು ಕುರಿತ ಈಗಿನ ಒಪ್ಪಂದವು ರೂಪುಗೊಂಡಿತು. ಭಾರತ, ಪಾಕಿಸ್ತಾನಗಳೆರಡೂ ಅದಕ್ಕೆ ಕಟ್ಟುಬಿದ್ದಿವೆ. ಅದರಂತೆ ಸೆರೆಯಾಳು ತನ್ನ ಹೆಸರು, ಪದವಿ, ಹುಟ್ಟಿದ ತಾರೀಖು, ಸೈನ್ಯದಲ್ಲಿಯ ಅಂಕಿ ಇವಿಷ್ಟನ್ನೇ ಹೇಳಬೇಕು. ಹೆಚ್ಚಿನದನ್ನು ಅವನಿಂದ ಹಿಂಸಿಸಿ ಹೇಳಿಸಕೂಡದು. ಗಾಯವಾದವನಿಗೆ ಔಷಧೋಪಚಾರವಾಗಬೇಕು, ಮನೆಗೆ ಪತ್ರ ಬರೆಯಲು ಅವಕಾಶವಿರಬೇಕು, ಕಾಳಗ ನಿಂತ ಮೇಲೆ ತಡಮಾಡದೆ ಅವನನ್ನು ಸ್ವದೇಶಕ್ಕೆ ಕಳಿಸಬೇಕು. ದಂಡನಾಯಕನ ಮಗನಿಗೊಂದು, ರೈತನ ಮಗನಿಗೊಂದು ಎಂದು ಎರಡು ಬಗೆಯ ಮಾನವೀಯತೆ ಅದರಲ್ಲಿಲ್ಲ.

ಇಷ್ಟು ಹೇಳಿದ ಮೇಲೆ ವೈರಿಪಕ್ಷದ ಸೌಜನ್ಯವನ್ನು ಮರೆಮಾಚುವುದು ಇತಿಹಾಸಕ್ಕೆ ಅನ್ಯಾಯ. ನಂದಾ ಅವರು ರಾವಳಪಿಂಡಿಯ ಸೈನಿಕ ಆಸ್ಪತ್ರೆಯಲ್ಲಿದ್ದಾಗ ಅಯೂಬಖಾನರ ಪತ್ನಿಯೂ ಹಿರಿಯ ಮಗನೂ ಬಂದು ಯೋಗಕ್ಷೇಮವನ್ನು ವಿಚಾರಿಸಿದರು. ಬರುವಾಗ ಸಿಗರೇಟಿನ ಪೆಟ್ಟಿಗೆಯನ್ನೂ ಆಂಗ್ಲ ವಿನೋದಸಾಹಿತಿ ಪಿ. ಜಿ. ವೋಡ್‌ಹೌಸನ ಒಂದು ಕಾದಂಬರಿಯನ್ನೂ ತಂದಿದ್ದರು. ನಿನ್ನೆಯವರೆಗೆ ಗುಂಡಿನ ಮಳೆಗರೆದ ಎರಡು ದೇಶಗಳ ನಡುವೆ ಆಸ್ಪತ್ರೆಯ ಮಂಚದ ಮೇಲೆ ಒಂದು ನಗೆಯ ಪುಸ್ತಕವು ಹೀಗೆ ಕೈಬದಲಾಯಿಸಿತು. ದೊಡ್ಡ ಬಿಡುಗಡೆಯನ್ನು ಬೇಡವೆಂದವರ ಮಗನು ಈ ಸಣ್ಣ ಆದರವನ್ನು ನೆನಪಿನಲ್ಲಿಟ್ಟುಕೊಂಡನು. ಆದರವು ಬೇರೆ, ಋಣವು ಬೇರೆ.

೧೯೬೬ರ ಜನೇವರಿ ೧೦ರಂದು ತಾಷ್ಕೆಂಟಿನಲ್ಲಿ ಪ್ರಧಾನಮಂತ್ರಿ ಲಾಲಬಹಾದ್ದೂರ ಶಾಸ್ತ್ರಿಗಳೂ ಅಯೂಬಖಾನರೂ ಒಪ್ಪಂದಕ್ಕೆ ಸಹಿಮಾಡಿದರು. ಯುದ್ಧಕೈದಿಗಳನ್ನು ಹಿಂದಕ್ಕೆ ಕಳಿಸುವ ಮಾತೂ ಅದರಲ್ಲಿ ಸೇರಿತ್ತು. ಅದೇ ರಾತ್ರಿ ಶಾಸ್ತ್ರಿಗಳು ತಾಷ್ಕೆಂಟಿನಲ್ಲಿಯೇ ತೀರಿಕೊಂಡರು. ಅವರು ಸಹಿಮಾಡಿದ ಕಾಗದವು ಸೆರೆಯಾಳುಗಳನ್ನು ಮನೆಗೆ ತಂದಿತು. ಸುಮಾರು ನಾಲ್ಕು ತಿಂಗಳ ಸೆರೆಯ ತರುವಾಯ ನಂದಾ ಅವರು ಇತರ ಸೆರೆಯಾಳುಗಳಂತೆಯೇ ಸ್ವದೇಶಕ್ಕೆ ಮರಳಿದರು. ಬೆನ್ನಿನ ಗಾಯವು ಅವರನ್ನು ಆಕಾಶದಿಂದ ದೂರವಿಡಲಾರದೆ ಹೋಯಿತು. ಮುಂದೆ ಅವರು ಹೆಲಿಕಾಪ್ಟರುಗಳನ್ನು ಹಾರಿಸಿದರು. ವಿಮಾನದಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಏರ್ ಮಾರ್ಷಲ್ ಪದವಿಯನ್ನು ಪಡೆದು ನಿವೃತ್ತರಾದರು. ೧೯೮೬ರಲ್ಲಿ ಫೀಲ್ಡ್ ಮಾರ್ಷಲ್ ಪದವಿಯ ಗೌರವ ಪಡೆದು ೧೯೯೩ರಲ್ಲಿ ದಿವಂಗತರಾದ ತಂದೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಸೆರೆಸಿಕ್ಕವನೆಂಬ ಮಾತು ಅವರ ಉನ್ನತಿಗೆ ಕಳಂಕವಾಗಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಇದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ವೈಮಾನಿಕರು ಮರಳಿ ಬರಲಿಲ್ಲ. ಅಜ್ಜಮಾಡ ದೇವಯ್ಯನವರು ೧೯೬೫ರ ಸಪ್ಟೆಂಬರ ೭ರಂದು ಸರಗೋಧಾ ದಾಳಿಗೆ ಹೋದವರು; ತಮ್ಮ ವಿಮಾನಕ್ಕಿಂತ ಬಹಳ ವೇಗಶಾಲಿಯಾದ ಸ್ಟಾರ್‌ಫೈಟರ್ ವಿಮಾನದೊಡನೆ ಕಾದಿ ಅದನ್ನು ಕೆಡವಿ ತಾವೂ ಮಡಿದರು. ಆ ಪರಾಕ್ರಮದ ನಿಜಸಂಗತಿ ನಮ್ಮವರಿಗೆ ತಿಳಿದು ಅವರಿಗೆ ಮರಣೋತ್ತರ ಮಹಾವೀರಚಕ್ರ ಸಲ್ಲಲು ೧೯೮೮ರವರೆಗೆ ಕಾಯಬೇಕಾಯಿತು. ಹೋದವನು ಮಡಿದನೋ ಸೆರೆಯಾದನೋ ಎಂದು ತಿಳಿಯದೆ ಮನೆಯವರು ದಿನಗಳನ್ನು ನೂಕುವ ದುಃಖವು ಯುದ್ಧದ ಲೆಕ್ಕಪುಸ್ತಕದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಸೆರೆಯಾಳುಗಳ ಹೆಸರುಗಳನ್ನು ಕೂಡಲೇ ತಿಳಿಸಬೇಕೆಂದು ಜಿನೀವಾ ಒಪ್ಪಂದವು ವಿಧಿಸಿರುವುದು ಈ ದುಃಖವನ್ನರಿತೇ.

೧೯೭೧ರಲ್ಲಿ ಪಾತ್ರಗಳು ಬದಲಾದವು. ಡಿಸೆಂಬರ ೧೬ರಂದು ಢಾಕಾದಲ್ಲಿ ಶರಣಾಗತಿಯಾದ ಮೇಲೆ ಸುಮಾರು ೯೩,೦೦೦ ಸೆರೆಯಾಳುಗಳು ಭಾರತದ ವಶಕ್ಕೆ ಬಂದರು. ಅವರನ್ನು ಅನ್ನ, ಬಟ್ಟೆ, ಔಷಧಗಳನ್ನಿತ್ತು ಕಾಯ್ದು, ೧೯೭೪ರ ಹೊತ್ತಿಗೆ ಹಿಂದಕ್ಕೆ ಕಳಿಸಲಾಯಿತು. ಆರು ವರ್ಷಗಳ ಹಿಂದೆ ನಮ್ಮ ಯೋಧರೆಲ್ಲರಿಗಾಗಿ ಕಾರ್ಯಪ್ಪನವರು ಬಯಸಿದ ಸಮಾನಧರ್ಮವನ್ನು ಪರರ ಮಕ್ಕಳ ವಿಷಯದಲ್ಲಿ ಪಾಲಿಸುವ ಸರದಿ ಆಗ ನಮ್ಮದಾಗಿತ್ತು.

ನಮ್ಮ ಭಾಗದಿಂದಲೂ ಸೈನ್ಯಕ್ಕೆ ಸೇರುವ ತರುಣರಿದ್ದಾರೆ. ಅವರ ತಂದೆ ಜನರಲ್ ಅಲ್ಲ. ಹೊಲದಲ್ಲಿ ಜೋಳ ಹತ್ತಿ ಬೆಳೆಯುವವನು, ಬೆಟಗೇರಿಯ ಮಗ್ಗದಲ್ಲಿ ನೇಯುವವನು. ಅಂಥವನ ಮಗ ವೈರಿಯ ಕೈಗೆ ಸಿಕ್ಕಿದರೆ ಯಾವ ಅಧ್ಯಕ್ಷನೂ ಹಳೆಯ ಸ್ನೇಹವನ್ನು ನೆನೆದು ಸಂದೇಶ ಕಳಿಸುವುದಿಲ್ಲ. ಅವನಿಗಿರುವ ಆಸರೆ ಎರಡೇ: ಎಲ್ಲರಿಗೂ ಒಂದೇ ಆದ ಕಾನೂನು, ಸೆರೆಸಿಕ್ಕವನನ್ನು ಹೀನಾಯವಾಗಿ ಕಾಣದ ಊರವರ ಮನಸ್ಸು. ಮಡಿಕೇರಿಯ ಆ ವೃದ್ಧ ಸೇನಾನಿಯು ತನ್ನ ಮಗನಿಗೆ ದೊರೆಯಬಹುದಾಗಿದ್ದ ವಿಶೇಷ ಉಪಕಾರವನ್ನು ಬಿಟ್ಟುಕೊಟ್ಟಾಗ, ಹೆಸರೂ ಗೊತ್ತಿರದ ಇಂಥ ನೂರಾರು ಮನೆಗಳ ಮಕ್ಕಳ ಪಕ್ಷವನ್ನು ವಹಿಸಿದನು. ನಂದಾ ಕಾರ್ಯಪ್ಪನವರ ಕಥೆಯನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳುವಾಗ ಉರಿಯುವ ವಿಮಾನದ ಸಂಗಡ ಈ ಉತ್ತರವನ್ನೂ ತಪ್ಪದೆ ಹೇಳಬೇಕು.