ಸರಕಾರಿಯೋ, ಖಾಸಗಿಯೋ? ಮಕ್ತಲ್–ರಾಯಚೂರು ಕಲಿಸಿದ ಪಾಠ

ನಮ್ಮ ಮನೆಗಳಲ್ಲಿ ಯಾರಿಗಾದರೂ ಸೀಕು ಜೋರಾದರೆ ಮೊದಲು ಏಳುವ ಮಾತು, ವೆನ್ಲಾಕಿಗೋ, ಪ್ರೈವೇಟಿಗೋ? "ಸರಕಾರಿ ಆಸ್ಪತ್ರೆಯಲ್ಲಿ ಯಾರು ನೋಡ್ತಾರೆ" ಎಂದು ಹಿರಿಯರೊಬ್ಬರು ಹೇಳಿದರೆ ವಾದ ಅಲ್ಲಿಗೆ ಮುಗಿಯುತ್ತದೆ. ಬಿಲ್ಲು ಕೈಗೆ ಬಂದ ಮೇಲೆ ಜಮಾಅತಿಗೆ ಅರ್ಜಿ, ಗಲ್ಫಿನಲ್ಲಿರುವವರಿಗೆ ಫೋನು, ವಾಟ್ಸ್ಆ್ಯಪಿನಲ್ಲಿ ಬ್ಯಾಂಕ್ ಖಾತೆಯ ನಂಬರು. ಈ ಪ್ರಶ್ನೆಯ ಬಗ್ಗೆ ನನಗೆ ಹೆಚ್ಚು ಕಲಿಸಿದ್ದು ಮಂಗಳೂರಲ್ಲ, ದೂರದ ಮಕ್ತಲ್ ಮತ್ತು ರಾಯಚೂರಿನ ಚರಿತ್ರೆ.

ಮಕ್ತಲ್ ಇಂದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿದೆ. ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುವ ಸೀಮೆ ಅದು. ನಿಝಾಮರ ಕಾಲದಲ್ಲಿ ಮಕ್ತಲ್, ಗದ್ವಾಲ್, ರಾಯಚೂರು ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದ ಊರುಗಳು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರಕ್ಕೆ ಸೇರಿದವು. ನಕ್ಷೆಯಲ್ಲಿ ಗೆರೆ ಬಿತ್ತು, ಆದರೆ ದಾರಿ ಬದಲಾಗಲಿಲ್ಲ. ಮಕ್ತಲಿನಿಂದ ಕೃಷ್ಣಾ ನದಿ ದಾಟಿದರೆ 50 ಕಿ.ಮೀ. ಒಳಗೆ ರಾಯಚೂರು. ಹೈದರಾಬಾದಿಗೆ 150 ಕಿ.ಮೀ.ಗೂ ಹೆಚ್ಚು.

ಅದಕ್ಕೂ ಹತ್ತು ವರ್ಷ ಮೊದಲು, 1946ರಲ್ಲಿ, ಭೋರ್ ಸಮಿತಿ ತನ್ನ ವರದಿ ಕೊಟ್ಟಿತ್ತು. ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಅದರ ಮೂಲ ಮಾತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಕಲ್ಪನೆ ನಮ್ಮಲ್ಲಿ ಬೇರೂರಿದ್ದು ಆ ವರದಿಯಿಂದ. ಕೇಂದ್ರಗಳೇನೋ ಬಂದವು. ಹೃದಯ, ಮೂತ್ರಪಿಂಡ, ಕ್ಯಾನ್ಸರಿನಂಥ ಕಾಯಿಲೆಗಳಿಗೆ ಮಾತ್ರ ಬಡವನ ಮುಂದೆ ಉಳಿದದ್ದು ಹೊಲ ಮಾರುವುದು, ಇಲ್ಲವೇ ಸಾಲ ಮಾಡುವುದು. ಕೂಲಿಗಾಗಿ ಊರೂರು ಅಲೆಯುವ ಪಾಲಮೂರಿನ (ಮಹಬೂಬ್‌ನಗರದ ಹಳೆಯ ಹೆಸರು) ಜನರಿಗೆ ಮಾರಲು ಹೊಲವೂ ಹೆಚ್ಚಿರಲಿಲ್ಲ.

2007ರ ಏಪ್ರಿಲ್ 1ರಂದು ವೈ.ಎಸ್. ರಾಜಶೇಖರ ರೆಡ್ಡಿ ಸರಕಾರ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಆರಂಭಿಸಿದ ಮೂರು ಜಿಲ್ಲೆಗಳಲ್ಲಿ ಮಹಬೂಬ್‌ನಗರವೂ ಒಂದು. ಮಕ್ತಲ್ ಆಗ ಆ ಜಿಲ್ಲೆಯಲ್ಲೇ ಇತ್ತು. ಬಿಳಿ ರೇಷನ್ ಕಾರ್ಡ್ ಇದ್ದ ಕುಟುಂಬ ಖಾಸಗಿ ಆಸ್ಪತ್ರೆಗೂ ಹೋಗಬಹುದು, ಹಣ ಸರಕಾರ ಕಟ್ಟುತ್ತದೆ. ಕೂಲಿಯವನ ಮಗುವಿಗೆ ದೊಡ್ಡ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆಯಿತು ಎಂದರೆ ಅದು ಸಣ್ಣ ಮಾತಲ್ಲ.

ಆದರೆ ಆಪರೇಷನ್ನಿಗೆ ದುಡ್ಡು ಸಿಗುವ ಕಡೆ ಆಪರೇಷನ್ನುಗಳೂ ಹೆಚ್ಚುತ್ತವೆ. ಅಗತ್ಯವಿಲ್ಲದೆ ಗರ್ಭಕೋಶ ತೆಗೆಯುತ್ತಾರೆಂಬ ದೂರುಗಳು ಬಂದು, ಕೊನೆಗೆ ಆ ಶಸ್ತ್ರಚಿಕಿತ್ಸೆಯನ್ನು ಸರಕಾರಿ ಆಸ್ಪತ್ರೆಗಳಿಗೆ ಮೀಸಲಿಡಬೇಕಾಯಿತು. ಕಂತು ಸಿಗದಿದ್ದರೆ ಬಾಗಿಲೂ ಮುಚ್ಚುತ್ತದೆ. 2023ರ ಡಿಸೆಂಬರಿನಲ್ಲಿ ತೆಲಂಗಾಣ ಸರಕಾರ ಯೋಜನೆಯ ಮಿತಿಯನ್ನು 10 ಲಕ್ಷ ರೂಪಾಯಿಗೆ ಏರಿಸಿತು. 2025ರ ಸೆಪ್ಟೆಂಬರಿನಲ್ಲಿ ಬಾಕಿ ಬಂದಿಲ್ಲವೆಂದು ಹಲವು ಖಾಸಗಿ ಆಸ್ಪತ್ರೆಗಳು ಸೇವೆಯನ್ನೇ ನಿಲ್ಲಿಸಿದವು. ಆ ದಿನಗಳಲ್ಲಿ ಅಂಥ ಆಸ್ಪತ್ರೆಯ ಬಾಗಿಲಿನಿಂದ ಕಾರ್ಡು ಹಿಡಿದು ಮರಳಿದವನಿಗೆ ಆಸರೆ ಸರಕಾರಿ ಆಸ್ಪತ್ರೆ.

ಹೊಳೆಯ ಈಚೆ, ರಾಯಚೂರಿನಲ್ಲಿ, ಇನ್ನೊಂದು ಪ್ರಯೋಗ ನಡೆದಿತ್ತು. ಓಪೆಕ್ ನಿಧಿಯ ನೆರವಿನಿಂದ ಕರ್ನಾಟಕ ಸರಕಾರ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕಟ್ಟಿಸಿತು. ಜನ ಇಂದಿಗೂ ಅದನ್ನು ಓಪೆಕ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ನಡೆಸುವ ಹೊಣೆ ಅಪೋಲೋ ಸಂಸ್ಥೆಗೆ. ಜಾಗ, ಕಟ್ಟಡ, ರಸ್ತೆ, ನೀರು, ವಿದ್ಯುತ್ ಸರಕಾರದ್ದು. ಮೊದಲ ಮೂರು ವರ್ಷ ನಷ್ಟವಾದರೆ ಸರಕಾರವೇ ತುಂಬಿಕೊಡಬೇಕು, ಆಮೇಲೆ ಲಾಭ ಬಂದರೆ ಅದರಲ್ಲಿ ಶೇ. 30 ಸಂಸ್ಥೆಗೆ. 2012ರಲ್ಲಿ ಒಪ್ಪಂದ ಮುಗಿದು ಆಸ್ಪತ್ರೆ ಸರಕಾರದ ಕೈಗೆ ಮರಳಿತು. ಆಮೇಲೆ ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ತಜ್ಞ ವೈದ್ಯರಿಲ್ಲವೆಂಬ ದೂರು ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂತು. ನಷ್ಟದ ಭಾರವೆಲ್ಲ ಸರಕಾರದ ತಲೆಗೆ ಬಿದ್ದರೆ ಖಾಸಗಿಯವರಿಗೆ ಹೊಣೆಯ ಬಿಸಿ ತಟ್ಟುವುದಿಲ್ಲ. ಡಾಕ್ಟರನ್ನು ನೇಮಿಸದೆ ಬೋರ್ಡು ಬದಲಿಸಿದರೆ ರೋಗಿಗೆ ಗುಣವಾಗುವುದಿಲ್ಲ.

ಇದನ್ನು ನಮ್ಮ ಕಡೆಯೊಂದಿಗೆ ಹೋಲಿಸಿ ನೋಡಿ. 1955ರಲ್ಲಿ ಮಂಗಳೂರಿನಲ್ಲಿ ಕೆಎಂಸಿ ಶುರುವಾದಾಗ ಖಾಸಗಿ ಕಾಲೇಜಿನ ವೈದ್ಯರು, ವಿದ್ಯಾರ್ಥಿಗಳು ವೆನ್ಲಾಕ್ ಮತ್ತು ಲೇಡಿ ಗೋಶನ್ ಆಸ್ಪತ್ರೆಗಳಿಗೆ ಬಂದರು. ಆಸ್ಪತ್ರೆ ಸರಕಾರದ್ದಾಗಿಯೇ ಉಳಿಯಿತು, ಬಡವರಿಗೆ ಬಾಗಿಲು ತೆರೆದೇ ಇತ್ತು. ಹಾಗಾಗಿ ಖಾಸಗಿಯವರು ಸೇರಿದರೆ ಕೆಟ್ಟಿತು ಎಂದು ನಾನು ಹೇಳುವುದಿಲ್ಲ. ಬಾಗಿಲ ಕೀಲಿಕೈ ಯಾರಲ್ಲಿದೆ ಎಂಬುದು ಮುಖ್ಯ.

ಗಡಿಯ ಪಾಠ ನಮಗೂ ಹೊಸತಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಜೇಶ್ವರ, ಉಪ್ಪಳ, ಕುಂಬಳೆಯ ನಮ್ಮ ಸಂಬಂಧಿಕರಿಗೆ ಮಂಗಳೂರಿನ ಆಸ್ಪತ್ರೆಗಳು ಒಮ್ಮೆಲೇ ದೂರವಾದವು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಪ್ರಾಣಗಳೇ ಹೋದವು. ಪಕ್ಕದ ರಾಜ್ಯದ ಖಾಸಗಿ ಆಸ್ಪತ್ರೆಗಳನ್ನು ನಂಬಿ ಸ್ವಂತ ಜಿಲ್ಲೆಯ ಸರಕಾರಿ ಆಸ್ಪತ್ರೆ ಬೆಳೆಸದಿದ್ದುದರ ಬೆಲೆ ಅದು. ನಾರಾಯಣಪೇಟೆ ಮತ್ತು ಗದ್ವಾಲಿಗೆ ಸರಕಾರಿ ವೈದ್ಯಕೀಯ ಕಾಲೇಜು ಸಿಕ್ಕಿದ್ದು 2024ರಲ್ಲಿ. ತಡವಾದರೂ ಸರಿಯಾದ ದಾರಿ.

ಲೆಕ್ಕವನ್ನೂ ನೋಡೋಣ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆಸ್ಪತ್ರೆಗೆ ದಾಖಲಾದವರಲ್ಲಿ ಶೇ. 55 ಮಂದಿ ಹೋದದ್ದು ಖಾಸಗಿಗೆ. ಒಂದು ಸಲ ದಾಖಲಾದರೆ ಸರಾಸರಿ ವೈದ್ಯಕೀಯ ವೆಚ್ಚ ಅಲ್ಲಿ ಸುಮಾರು 32,000 ರೂಪಾಯಿ, ಸರಕಾರಿಯಲ್ಲಿ ಸುಮಾರು 4,500. ನಮ್ಮ ಜಮಾಅತುಗಳ ಸಹಾಯನಿಧಿ ಕರಗುವುದು ಈ ಅಂತರದಲ್ಲೇ.

ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಮಾತ್ರ ರೆಫರಲ್ ಚೀಟಿ. ಈ ಚೀಟಿಗಾಗಿ ಅಲೆದು ನಮ್ಮವರು ಬೈಯುವುದನ್ನು ನಾನು ಕೇಳಿದ್ದೇನೆ. ಅಲೆದಾಟ ತಪ್ಪಿಸಲು ಒತ್ತಾಯಿಸೋಣ, ಆದರೆ ನಿಯಮವೇ ಬೇಡ ಎನ್ನುವುದು ನನ್ನ ಮಟ್ಟಿಗೆ ಸರಿಯಲ್ಲ. ಸರಕಾರದ ಹಣವೆಲ್ಲ ನೇರವಾಗಿ ಖಾಸಗಿಗೆ ಹರಿದರೆ ವೆನ್ಲಾಕ್ ಸೊರಗುತ್ತದೆ.

ಮನೆಯವರೆಲ್ಲ ಆರೋಗ್ಯವಾಗಿರುವಾಗಲೇ ಕಾರ್ಡು ಮಾಡಿಸಿಡಿ. ಜಮಾಅತಿನಲ್ಲಿ ಚಂದಾ ಎತ್ತುವ ಮೊದಲು ರೋಗಿಗೆ ಯೋಜನೆ ಸಿಗುತ್ತದೆಯೇ ಎಂದು ವಿಚಾರಿಸಲು ಒಬ್ಬರನ್ನು ನೇಮಿಸಿ. ಊರಿನ ಆರೋಗ್ಯ ಕೇಂದ್ರದಲ್ಲಿ ಡಾಕ್ಟರಿಲ್ಲದಿದ್ದರೆ ಪಂಚಾಯತಿನಲ್ಲಿ ಕೇಳಿ, ಬಿಡದೆ ಕೇಳಿ. ದುಡ್ಡಿದ್ದವರು ಖಾಸಗಿಗೆ ಹೋಗಲಿ, ಅದು ಅವರ ಇಷ್ಟ. ಆದರೆ ಸರಕಾರಿ ಆಸ್ಪತ್ರೆ ಬಡವರಿಗಷ್ಟೇ ಎಂದು ನಾವು ಬಿಟ್ಟುಬಿಟ್ಟರೆ, ನಾಳೆ ಅಲ್ಲಿಗೆ ಹೋಗಬೇಕಾದಾಗ ನಮ್ಮ ಪರವಾಗಿ ಕೇಳುವವರೂ ಇರುವುದಿಲ್ಲ.