ಶೀತಕ ಪಂಪು, ವಿದ್ಯುಚ್ಚಾಲಿತ

ಮೋಟಾರು ವಾಹನದ ಎಂಜಿನಿನಲ್ಲಿ ಇಂಧನದ ದಹನದಿಂದ ಹುಟ್ಟಿ ಸಿಲಿಂಡರಿನ ಗೋಡೆಗಳನ್ನು ಸೇರುವ ಉಷ್ಣವನ್ನು ಹೊತ್ತು ರೇಡಿಯೇಟರಿಗೆ ಸಾಗಿಸುವ ದ್ರವವನ್ನು, ಎಂಜಿನಿನ ವೇಗಕ್ಕೆ ಅಧೀನವಾಗದೆ ಸ್ವಂತ ವಿದ್ಯುನ್ಮೋಟಾರಿನ ಬಲದಿಂದ ಪರಿಚಲನೆಗೊಳಿಸುವ ಸಾಧನ.

1886ರಲ್ಲಿ ಪೇಟೆಂಟು ಪಡೆದ ಕಾರ್ಲ್ ಬೆಂಜ್‌ನ ತ್ರಿಚಕ್ರ ವಾಹನಕ್ಕೆ ಪಂಪೇ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿದ್ದುದರಿಂದ, 1888ರಲ್ಲಿ ಅವನ ಪತ್ನಿ ಬೆರ್ತಾ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಪಯಣಿಸಿದಾಗ ದಾರಿಯಲ್ಲಿ ಮತ್ತೆ ಮತ್ತೆ ನೀರೆರೆಯಬೇಕಾಯಿತು. ವಿಲ್ಹೆಲ್ಮ್ ಮೈಬಾಕ್‌ನು 1901ರ ಮರ್ಸಿಡಿಸಿಗೆ 8,070 ಕಿರುನಳಿಗೆಗಳ ಜೇನುಗೂಡು ರೇಡಿಯೇಟರನ್ನು ರಚಿಸಿ, ಕೇವಲ 9 ಲೀಟರು ನೀರನ್ನೇ ಪಂಪಿನಿಂದ ಸುತ್ತಿಸಿ ಸಾಕೆನಿಸಿದನು. ಫೋರ್ಡಿನ ಮಾಡೆಲ್ ಟಿ ಕಾರು ಮೊದಲ ಸುಮಾರು 2,500 ವಾಹನಗಳ ತರುವಾಯ ಪಂಪನ್ನೇ ತೊರೆದು, ಬಿಸಿನೀರು ಮೇಲೇರುವ ನೈಸರ್ಗಿಕ ಪ್ರವಾಹವನ್ನು ನೆಚ್ಚಿತು. ಅನಂತರದ ದಶಕಗಳಲ್ಲಿ ಬೆಲ್ಟಿನಿಂದ ತಿರುಗುವ ಪಂಪೇ ಸಾರ್ವತ್ರಿಕವಾಯಿತು.

ಆ ಪಂಪಿನ ದೋಷ ಮೂಲಭೂತವಾದುದು. ಅದು ಅನುಸರಿಸುವುದು ಎಂಜಿನಿನ ಸುತ್ತುಗಳನ್ನೇ ಹೊರತು ಉಷ್ಣವನ್ನಲ್ಲ: ಚಳಿಯ ಬೆಳಗ್ಗೆ ಎಂಜಿನು ಬೆಚ್ಚಗಾಗಬೇಕಾದಾಗಲೂ ಅದು ತಿರುಗುತ್ತಿರುತ್ತದೆ, ಘಾಟಿಯನ್ನು ಹತ್ತಿ ನಿಂತ ಕಾರಿನ ಟರ್ಬೊ ಇನ್ನೂ ಸುಡುತ್ತಿರುವಾಗ, ಎಂಜಿನನ್ನು ಆರಿಸಿದೊಡನೆ ತಾನೂ ನಿಂತುಬಿಡುತ್ತದೆ. ಕೇಂದ್ರಾಪಗಾಮಿ ಪಂಪಿನ ವೇಗ ಇಮ್ಮಡಿಯಾದರೆ ಅದು ಬೇಡುವ ಶಕ್ತಿ ಎಂಟುಮಡಿಯಾಗುವುದರಿಂದ, ಅನಗತ್ಯವಾದ ಪ್ರತಿಯೊಂದು ಸುತ್ತೂ ದುಬಾರಿಯೇ.

2004ರಲ್ಲಿ ಬಿಎಂಡಬ್ಲ್ಯೂ ಸಂಸ್ಥೆಯು ತನ್ನ ಆರು ಸಿಲಿಂಡರಿನ ಎನ್52 ಎಂಜಿನಿಗೆ ಅಳವಡಿಸಿದ ವಿದ್ಯುತ್ ಪಂಪು ಬಳಸಿದ್ದು ಸುಮಾರು 200 ವ್ಯಾಟು ಮಾತ್ರ. 2009ರ ಟೊಯೊಟಾ ಪ್ರಿಯಸ್ ಇನ್ನೂ ಮುಂದುವರಿದು, ಎಂಜಿನಿನ ಮುಂಭಾಗದ ಬೆಲ್ಟನ್ನೇ ಇಲ್ಲವಾಗಿಸಿತು.

ವಿದ್ಯುತ್ ಪಂಪಿನ ರಚನೆಯಲ್ಲಿ ಮೆಚ್ಚತಕ್ಕ ಅಂಶವೊಂದುಂಟು. ಶಾಶ್ವತ ಕಾಂತಗಳನ್ನು ಧರಿಸಿದ ರೋಟರು, ರೆಕ್ಕೆಚಕ್ರದ ಸಮೇತ, ಶೀತಕದೊಳಗೇ ಮುಳುಗಿ ತಿರುಗುತ್ತದೆ. ತಾಮ್ರದ ಸುರುಳಿಗಳು ತೆಳುವಾದ ಭಿತ್ತಿಯ ಆಚೆ ಒಣಗಿ ಇರುತ್ತವೆ. ಹೊರಚಾಚುವ ದಂಡವಿಲ್ಲವಾದ್ದರಿಂದ, ಹಳೆಯ ಪಂಪುಗಳಲ್ಲಿ ಸವೆದು ನೀರು ಸೋರುತ್ತಿದ್ದ ಸೀಲಿಗೆ ಇಲ್ಲಿ ಸ್ಥಾನವೇ ಇಲ್ಲ. ಬ್ರಷ್‌ರಹಿತವಾದ ಈ ಮೋಟಾರಿಗೆ, ತಾಪವನ್ನೂ ಹೊರೆಯನ್ನೂ ಗಣಿಸಿದ ನಿಯಂತ್ರಕವು ವೇಗವನ್ನು ಆಜ್ಞಾಪಿಸುತ್ತದೆ. ಸೌಮ್ಯ ಚಾಲನೆಯಲ್ಲಿ ಶೀತಕವು 100 ಡಿಗ್ರಿ ಸೆಲ್ಸಿಯಸನ್ನು ಮೀರಲು ಬಿಟ್ಟು ಎಣ್ಣೆಯ ಘರ್ಷಣೆಯನ್ನು ತಗ್ಗಿಸುತ್ತದೆ, ಹೊರೆ ಏರಿದೊಡನೆ ಹರಿವನ್ನು ಹೆಚ್ಚಿಸುತ್ತದೆ. ಆದರೆ ಬೆಲ್ಟಿನ ಪಂಪು ಸೋರಿಯೋ ಸದ್ದು ಮಾಡಿಯೋ ಮುನ್ಸೂಚನೆ ಕೊಡುತ್ತಿದ್ದಲ್ಲಿ, ವಿದ್ಯುನ್ಮಾನ ಭಾಗ ಕೆಟ್ಟ ಪಂಪು ಸದ್ದಿಲ್ಲದೆ ನಿಲ್ಲಬಹುದಾದುದರಿಂದ, ಫಲಕದ ಎಚ್ಚರಿಕೆಯ ದೀಪ ಬೆಳಗಿದಾಗ ಚಾಲಕನು ತಡಮಾಡದೆ ಎಂಜಿನನ್ನು ಆರಿಸತಕ್ಕದ್ದು.

ಎಂಜಿನೇ ಇಲ್ಲದ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯನ್ನೂ ಇನ್ವರ್ಟರನ್ನೂ ತಂಪಾಗಿಡುವ ದ್ರವವನ್ನು ಸುತ್ತಿಸುವುದೂ ಇದೇ ಬಗೆಯ ಪಂಪು.